ಬುಗುರಿಯ ತಲೆಯ ಚಿತ್ರ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಏಳು ತಲೆಗಳ ಎಂಆರ್‌ಐ ಸ್ಕ್ಯಾನ್ ಮಾಡಿದೆ. ಎಲ್ಲರಿಗೂ ಅದೇ ಪಾಠ — ಉಂಗುರ ತೆಗೀರಿ, ಬೆಲ್ಟ್ ತೆಗೀರಿ, ಅಲ್ಲಾಡಬೇಡಿ. ಎಂಟನೆಯವಳು ನನ್ನ ತಂಗಿ! ಬುಗುರಿ ಅಂತ ಕರೆದದ್ದು ಅಪ್ಪ. ನಲವತ್ತೊಂದಾದರೂ ಬುಗುರಿಯೇ. ಹೋದ ವರ್ಷ ಅವಳ ಚಡಪಡಿಕೆಗೂ ಮರೆವಿಗೂ ಕಾರಣ ಎಡಿಎಚ್‌ಡಿ ಅಂತ ಗೊತ್ತಾಯಿತು, ಮಾತ್ರೆ ಶುರುವಾಯಿತು. ಅದರ ಬಗ್ಗೆ ನಮ್ಮ ಆಸ್ಪತ್ರೆಯಲ್ಲಿ ನಡೆಯುತ್ತಿರುವ ಅಧ್ಯಯನಕ್ಕೆ ನನಗೂ ಹೇಳದೆ ಹೆಸರು ಕೊಟ್ಟಿದ್ದಾಳೆ.

"ಅಕ್ಕ, ಒಂದು ಫೋಟೋ ಕೊಡು. ಅಪ್ಪಂಗೆ ತೋರಿಸ್ಬೇಕು. ಸೋಮಾರಿತನ ಅಲ್ಲ, ಒಳಗೇ ಹೀಗಿದೆ ಅಂತ ಒಂದ್ಸಲ ನೋಡ್ಲಿ."

ಮಿಷನ್ ಕುಟ್ಟತೊಡಗಿತು. ಎರಡೇ ನಿಮಿಷ, ಅಲ್ಲಾಡಿದಳು. ಮೈಕಿನಲ್ಲಿ ಗದರಿದೆ.

"ನಾನೆಲ್ಲಿ ಅಲ್ಲಾಡಿದೆ? ಮೂಗೊಂದು ತುರಿಸ್ತು. ಅದರ ಹಿಂದೆ ಮಿಕ್ಕಿದ್ದೆಲ್ಲ ಹೊರಟ್ವು!"

ನಕ್ಕೆ. ಮೂರು ಸಲ ತೆಗೆದೆ. ಮೂರೂ ಮಸುಕು.

ಮಾರ್ಚ್ 5

ಅಧ್ಯಯನ ನಡೆಸುವ ಡಾಕ್ಟರು ಬುಗುರಿಯ ಹೆಸರು ಹೊಡೆದುಹಾಕಿದರು. ಅಲ್ಲಾಡಿದವರ ಚಿತ್ರ ಲೆಕ್ಕಕ್ಕಿಲ್ಲ. ಒಳ್ಳೇ ಕತೆ — ಸುಮ್ಮನಿರಲಾಗದವರ ಅಧ್ಯಯನ, ಸುಮ್ಮನಿದ್ದವರಿಗೆ ಮಾತ್ರ ಪ್ರವೇಶ.

ಅಪ್ಪನಿಗೆ ತೋರಿಸುವ ಚಿತ್ರದ ಮಾತು ಅವರ ಹತ್ತಿರ ಎತ್ತಿದೆ. "ಒಬ್ಬರ ಚಿತ್ರದಲ್ಲಿ ಏನೂ ಕಾಣಲ್ಲಮ್ಮ. ಸಾವಿರಾರು ಜನರದ್ದು ಸೇರಿಸಿ ಅಳೆದ್ರೆ ಒಳಗಿನ ಕೆಲವು ಭಾಗ ಸರಾಸರಿಯಲ್ಲಿ ಒಂಚೂರು ಚಿಕ್ಕದು. ಮಕ್ಕಳಲ್ಲಿ ಸ್ವಲ್ಪ ಹೆಚ್ಚು, ದೊಡ್ಡವರಲ್ಲಿ ಅದೂ ಕಾಣೋದು ಕಷ್ಟ."

ಸಂಜೆ ಬುಗುರಿಯ ಫೋನು. "ಫೋಟೋ ಚೆನ್ನಾಗಿ ಬಂತಾ?"

ಹೂಂ ಅಂದುಬಿಟ್ಟೆ.

ಮಾರ್ಚ್ 9, ಭಾನುವಾರ

ಅಪ್ಪನ ಹೃದಯ ಸೋತಿದೆ. ಇನ್ನು ವಾರಗಳ ಮಾತು ಅಂದಿದ್ದಾರೆ. ತಡಮಾಡುವ ಹಾಗಿರಲಿಲ್ಲ. ಹೊಸ ಮಿಷನ್ ಬಂದಾಗ ಪರೀಕ್ಷೆಗೆಂದು ತೆಗೆದ ನನ್ನದೇ ತಲೆಯ ಚಿತ್ರವಿತ್ತು, ಸ್ವಚ್ಛವಾದದ್ದು. ಹೆಸರು ತೆಗೆದು ಪ್ರಿಂಟ್ ಹಾಕಿದೆ. ಅಪ್ಪಂಗೇನು ಗೊತ್ತಾಗುತ್ತೆ ಅಂದುಕೊಂಡೆ. ಬುಗುರಿಗೂ ಹೇಳಲಿಲ್ಲ.

ಅಪ್ಪ ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಬುಗುರಿ ಹತ್ತು ವರ್ಷದವಳಿದ್ದಾಗ ಅಂಗಡಿಯಲ್ಲಿ ಕೂರಿಸಿದ್ದರು. ಸ್ಕ್ರೂ ತಟ್ಟೆ ಮೂರು ಸಲ ಚೆಲ್ಲಿದಳು. ಬೇಕಂತಲೇ ಮಾಡ್ತಾಳೆ ಅಂದರು. ಆ ಮಾತು ಇವತ್ತಿಗೂ ಅವಳ ಮನಸ್ಸಿನಿಂದ ಇಳಿದಿಲ್ಲ.

ಕಣ್ಣಿಗೆ ಕಚ್ಚಿಸುವ ಭೂತಗನ್ನಡಿ ಕೇಳಿದರು. ನಾನೂ ಬುಗುರಿಯೂ ಹಾಸಿಗೆ ಪಕ್ಕ ನಿಂತು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಉಸಿರಿಗೆ ಕಷ್ಟಪಡುತ್ತಾ ಮೂಲೆ ಮೂಲೆ ನೋಡಿದರು.

"ಎರಡು ಕಡೆನೂ ಸಮ. ಎಲ್ಲೂ ಮುರಿದಿಲ್ಲ, ಸವೆದಿಲ್ಲ." ಬುಗುರಿ ಕಡೆ ತಿರುಗಿದರು. "ಇಷ್ಟು ಒಳ್ಳೇ ತಲೆ ಇಟ್ಕೊಂಡು ಹೀಗ್ಯಾಕೆ ಮಾಡ್ದೆ ಮಗಳೇ?"

"ಚೆನ್ನಾಗಿದೆ ಅಂದ್ರಲ್ಲ ಅಪ್ಪ, ಸಾಕು ಬಿಡಿ" ಅಂತ ನಕ್ಕಳು. ಚಪ್ಪಲಿ ಮೆಟ್ಟದೆ ಬೀದಿಗಿಳಿದಳು.

ಬಾಯಿ ಬಿಡಬೇಕಿತ್ತು ನಾನು.

ಮಾರ್ಚ್ 11

ಬುಗುರಿ ಮಾತ್ರೆ ನಿಲ್ಲಿಸಿದ್ದಾಳಂತೆ. "ಅಪ್ಪನೇ ಕಣ್ಣಾರೆ ನೋಡಿದ್ರಲ್ಲ ಅಕ್ಕ. ಎಲ್ಲ ನನ್ನದೇ ಕೊಬ್ಬು. ಕಾಯಿಲೆ ಅಂತ ನೆಪ ಹುಡುಕ್ತಿದ್ದೆ."

ಡಾಕ್ಟರ ಮಾತು ಹೇಳಿದೆ. ಸಮಾಧಾನಕ್ಕೆ ಹೇಳ್ತೀಯ ಅಂದಳು. ನನ್ನ ಕಳ್ಳತನ ಮಾತ್ರ ಹೇಳಲಾಗಲಿಲ್ಲ.

ಮಾರ್ಚ್ 14, ರಾತ್ರಿ 11

ಅಪ್ಪನಿಗೆ ಹೇಳಿದೆ. "ಅದು ನನ್ನ ತಲೆ ಅಪ್ಪ. ಬುಗುರಿದಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಅವಳದೆಲ್ಲಿ?"

"ಮಸುಕಾಗಿದೆ ಅಪ್ಪ. ಅಲ್ಲಾಡಿಬಿಟ್ಟಳು."

"ಎಷ್ಟು ಸಲ?"

"ಮೂರು ಸಲಾನೂ."

"ಅಪ್ಪ ನೋಡ್ತಾರೆ ಅಂತ ಗೊತ್ತಿದ್ದೂ?"

ಹೂಂ ಅಂದೆ. ಅಪ್ಪನ ಕಣ್ಣಂಚಿನಿಂದ ನೀರು ಕಿವಿಗಿಳಿಯಿತು. ಒರೆಸಿದೆ.

"ಹಾಗಾದ್ರೆ ಬೇಕಂತ ಮಾಡಿದ್ದಲ್ಲ, ಆಗ್ತಿರಲಿಲ್ಲ ಅವಳಿಗೆ" ಅಂದರು. "ಕರಿ ಅವಳನ್ನ."

ಹನ್ನೆರಡು ಸಲ ಫೋನ್ ಮಾಡಿದೆ. ಎಲ್ಲೋ ಮರೆತಿಟ್ಟಿರಬೇಕು. ಸಂಜೆ ಅವಳ ಮನೆಗೇ ಹೋದೆ, ಬೀಗ.

ಮಾರ್ಚ್ 29

ಅಪ್ಪ ಹದಿನೈದರ ಬೆಳಗ್ಗೆಯೇ ಹೋದರು. ಬುಗುರಿ ಬಂದಾಗ ಮುಖ ಮುಚ್ಚಿಯಾಗಿತ್ತು.

ಎರಡು ವಾರ ನುಂಗಿಕೊಂಡಿದ್ದೇನೆ. ಅಪ್ಪನ ಮಾತು ಹೇಳಬೇಕಾದರೆ ನನ್ನ ಸುಳ್ಳೂ ಹೇಳಬೇಕು. ಈಗ ಅಡುಗೆಮನೆಯಲ್ಲಿದ್ದಾಳೆ, ಅಪ್ಪನ ಲೋಟ ತೊಳೆಯುತ್ತಾ. ಅಲ್ಲಿಂದಲೇ ಕೇಳಿದಳು — "ಅಕ್ಕ, ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಬಂದೆ ಇರು ಅಂದಿದ್ದೇನೆ. ಎದ್ದು ಹೋಗಿ ಮೊದಲು ನಲ್ಲಿ ನಿಲ್ಲಿಸಿ, ಅವಳ ಕೈ ಹಿಡಿದು, ಆಮೇಲೆ ಹೇಳಬೇಕು, ಆ ಚಿತ್ರ ನನ್ನದು ಅನ್ನೋದರಿಂದಲೇ ಶುರುಮಾಡಿ...