ತೊಟ್ಟಿಗೆ ಹಬೆ ಬಿಟ್ಟ ದಿನ

ಬಾಯ್ಲರ್ ಮನೆ,
ಮಂಗಳವಾರ, ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯಮ್ಮ? ಕೆಮ್ಮು ನಿಂತಿತೇ? ಹೆಡ್ಡಾಫೀಸಿನ ಆ ತಣ್ಣನೆಯ ಗಾಳಿ ನಿನಗೆ ಆಗಿಬರುವುದಿಲ್ಲ ಎಂದು ನಿನ್ನಮ್ಮ ದಿನವೂ ಗೊಣಗುತ್ತಾಳೆ. ಅವಳ ಮಂಡಿನೋವು ಇದ್ದಲ್ಲೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನನ್ನ ಎಡಗಿವಿ ಈಗ ಪೂರ್ತಿ ಹೋಯಿತು; ಅವಳು ಮಲಗುವುದು ಆ ಬದಿಗೇ ಆದ್ದರಿಂದ ಸಂಸಾರ ನೆಮ್ಮದಿಯಾಗಿ ಸಾಗಿದೆ. ಫೋನಿನಲ್ಲಿ ಹೇಳಲು ಹೋದರೆ ನನಗೆ ಅರ್ಧ ಮಾತು ಕೇಳಿಸುವುದೇ ಇಲ್ಲ, ನೀನು ಆ ಕಡೆಯಿಂದ “ಅಪ್ಪಾ, ಕೇಳಿಸ್ತಿದ್ಯಾ?” ಎಂದು ಕೂಗುತ್ತಲೇ ಇರುತ್ತೀಯ. ಅದಕ್ಕೇ ಈ ಕಾಗದ.

ಸುದ್ದಿ ನಿನಗೆ ಆಗಲೇ ಮುಟ್ಟಿರುತ್ತದೆ. ಕಾರ್ಖಾನೆ ಮುಚ್ಚಿತು. ನಿನ್ನೆ ದೊಡ್ಡ ತೊಟ್ಟಿಗೆ ಹಬೆ ಬಿಟ್ಟು ನಿನ್ನ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಂದಾಯಿತು. ವಾಲ್ವ್ ತಿರುಗಿಸಿದ್ದು ನಾನೇ. ಬೇರೆ ಯಾರಿಗಾದರೂ ಬಿಡಬಹುದಿತ್ತು, ಆದರೆ ಆ ಬಾಯ್ಲರ್ ನನ್ನದು, ಒಳಗಿದ್ದವು ನಿನ್ನವು. ಹೊರಗಿನವರ ಕೈಗೆ ಯಾಕೆ ಕೊಡಬೇಕು ಅನ್ನಿಸಿತು.

ನಿನಗೆ ನೆನಪಿದೆಯೋ ಇಲ್ಲವೋ, ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕಾಗದದ ಗಿರಣಿ ನಿಂತ ಮೇಲೆ ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದೆ. ಆಗ ನೀನು ಅದೇ ಹಳೆಯ ಶೆಡ್ಡಿಗೆ ನಿನ್ನ ಹೊಳೆಯುವ ತೊಟ್ಟಿಗಳನ್ನು ತಂದಿಳಿಸಿದೆ. ಯಾರೂ ಕೇಳದ ಒಣಹುಲ್ಲು, ಜೋಳದ ದಂಟು, ಮರದ ಹೊಟ್ಟು, ಇವನ್ನು ತಿಂದು ಎಣ್ಣೆ ಕೊಡುವ ಜೀವಿಗಳನ್ನು ಮಾಡಿದ್ದೀನಿ ಅಂದಾಗ ನಾನು ನಕ್ಕಿದ್ದೆ. ನೀನು ಅಡುಗೆಮನೆಯ ಕಟ್ಟೆ ಮೇಲೆ ಕೂತು, ಕಾಲಾಡಿಸುತ್ತ, “ದಂಟಿನೊಳಗೆ ಸಕ್ಕರೆ ಇದೆ ಅಪ್ಪಾ, ಆದ್ರೆ ಬೀಗ ಹಾಕಿಟ್ಟಿದೆ. ಇವಕ್ಕೆ ನಾನು ಕೀಲಿಕೈ ಕೊಟ್ಟಿದ್ದೀನಿ” ಎಂದೆ. ಬೇರೊಂದು ಜೀವಿಯ ವಂಶವಾಹಿಯನ್ನು ತೆಗೆದು ಇವುಗಳೊಳಗೆ ಕೂರಿಸಿದ್ದನ್ನು ಅಷ್ಟು ಸುಲಭವಾಗಿ ಹೇಳಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಿನಗೆ ಮುದ್ದಾಗಿದ್ದದ್ದು ಕಣ್ಣಿಗೂ ಕಾಣದ ಜೀವ. ಆದರೂ ಆ ಎಣ್ಣೆ ಹಾಕಿ ಮೊದಲ ಬಸ್ಸು ಗೇಟಿನಿಂದ ಹೊರಟಾಗ ನಿನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಸ್ಸಿನ ಡ್ರೈವರ್, ಹೊಗೆ ಮಾಗಿದ ಹಣ್ಣಿನ ಹಾಗೆ ವಾಸನೆ ಬರ್ತಿದೆ, ಪ್ರಯಾಣಿಕರಿಗೆ ಹಸಿವಾದರೆ ನಾನು ಹೊಣೆಯಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ನಿನ್ನನ್ನು ಹೆಡ್ಡಾಫೀಸಿಗೆ ಕರೆಸಿ ವರದಿ ಬರೆಯಲು ಕೂರಿಸಿದ ಮೇಲೆ ಇಲ್ಲಿ ಒಂದೂ ಹದಕ್ಕೆ ಬರಲಿಲ್ಲ. ನಿನ್ನ ಜೀವಿಗಳು ಗಾಜಿನ ಜಾಡಿಯಲ್ಲಿ ಚೆನ್ನಾಗಿಯೇ ಇರುತ್ತಿದ್ದವು. ದೊಡ್ಡ ತೊಟ್ಟಿಗೆ ಸುರಿದರೆ ಮೊದಲು ಕೆಲಸ ಮಾಡಿ, ಆಮೇಲೆ ಸುಮ್ಮನೆ ತಿಂದುಕೊಂಡಿರುತ್ತಿದ್ದವು. ನಿನ್ನ ಜಾಗಕ್ಕೆ ಬಂದ ಕನ್ನಡಕದ ಹುಡುಗಿ ಒಳ್ಳೆಯವಳು, ಪಾಪ, ಹಗಲೆಲ್ಲ ಅಲ್ಲೇ ನಿಂತಿರುತ್ತಿದ್ದಳು. ಅವಳೇ ನನಗೆ ಬಿಡಿಸಿ ಹೇಳಿದ್ದು: ಆ ಕೀಲಿಕೈ ಹೊರುವುದು ಅವಕ್ಕೆ ಭಾರವಂತೆ. ಎಲ್ಲೋ ಒಂದೆರಡು ಅದನ್ನು ಕಳಚಿ ಎಸೆದು, ಕೀಲಿಕೈ ಇರುವವು ಬಿಡಿಸಿಟ್ಟ ಸಕ್ಕರೆಯನ್ನೇ ತಿಂದು, ಹಗುರಾಗಿ ಬೇಗ ಬೇಗ ಮರಿಮಾಡುತ್ತವೆ. ಹೊತ್ತುಕೊಂಡವು ಹಿಂದೆ ಬೀಳುತ್ತವೆ. ಕೊನೆಗೆ ತೊಟ್ಟಿ ತುಂಬ ಉಂಡಾಡಿಗಳೇ. ನಮ್ಮ ಒಟ್ಟುಮನೆಯಲ್ಲಿ ನಿನ್ನ ಚಿಕ್ಕತಾತಂದಿರು ಇದ್ದ ಹಾಗೆಯೇ ಎಂದು ನಾನಂದೆ. ಅವಳು ನಗಲಿಲ್ಲ. ನೀನು ಅಲ್ಲಿಂದ ಹೇಳಿ ಕಳಿಸಿದ್ದನ್ನೆಲ್ಲ ಮಾಡಿದೆವು, ಬಿಸಿ ಇಳಿಸಿದೆವು, ಹುಲ್ಲನ್ನು ಇನ್ನಷ್ಟು ಹೊತ್ತು ಬೇಯಿಸಿದೆವು, ಜಾಡಿಯಿಂದ ಹೊಸ ಜೀವಿಗಳನ್ನು ತಂದು ಬೀಜದ ಹಾಗೆ ಹಾಕಿದೆವು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬೇಗ ಕೆಟ್ಟಿತು.

ಮ್ಯಾನೇಜರ್ ಕೆಟ್ಟವನಲ್ಲ. ನಮ್ಮನ್ನೆಲ್ಲ ತೊಟ್ಟಿಯ ಮುಂದೆ ನಿಲ್ಲಿಸಿ, ಮೇಲಿನವರಿಗೆ ಇನ್ನು ಕಾಯುವ ಮನಸ್ಸಿಲ್ಲ ಎಂದ. ಮನುಷ್ಯ ಮಾಡಿದ ಜೀವಿ ಜೀವಂತವಾಗಿ ಗೇಟು ದಾಟಕೂಡದು, ಅದು ಕಾನೂನು, ಎಲ್ಲವನ್ನೂ ಹಬೆಯಲ್ಲಿ ಮುಗಿಸಿಯೇ ಬೀಗ ಹಾಕಬೇಕು ಎಂದ. ನಾನು ಒತ್ತಡ ಏರಿಸಿ ವಾಲ್ವ್ ಬಿಟ್ಟೆ. ಕೊಳವೆ ಬಡಿದುಕೊಂಡದ್ದು ನನಗೆ ಬಲಗಿವಿಯಲ್ಲಿ ಮಾತ್ರ ಕೇಳಿಸಿತು. ಮಾಪಕದ ಮುಳ್ಳು ಕೆಂಪು ಗೀಟು ದಾಟಿ ನಿಂತಿತು. ಏನೋ ಆಗುತ್ತದೆ ಎಂದು ಕಾಯುತ್ತಿದ್ದೆ ಅಂತ ಕಾಣುತ್ತದೆ. ಏನೂ ಆಗಲಿಲ್ಲ. ತೊಟ್ಟಿ ಹೊರಗಿನಿಂದ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು. ಕೆಳಗಿನ ನಲ್ಲಿ ತೆರೆದಾಗ ಕಂದು ಗಂಜಿಯಂಥದ್ದು ಬಂತು, ಬೆಂದ ಸೊಪ್ಪಿನ ವಾಸನೆ. ಕನ್ನಡಕದ ಹುಡುಗಿ ಕೈಗವಸು ಬಿಚ್ಚಿ, “ಅಂಕಲ್, ಮೇಡಮ್‌ಗೆ ಯಾರು ಹೇಳ್ತಾರೆ?” ಎಂದಳು. ನಾನು ನಲ್ಲಿ ಮುಚ್ಚಿದೆ.

ಗೇಟಿನಾಚೆ ಹುಲ್ಲಿನ ಬಣವೆ ಹಾಗೇ ಇತ್ತಲ್ಲ, ನಿನ್ನನ್ನು ನಂಬಿ ಜನ ತಂದು ಒಟ್ಟಿದ್ದು. ವಾಪಸು ಒಯ್ಯಿರಿ ಎಂದರೆ ಯಾರೂ ಬರಲಿಲ್ಲ. ಸಂಜೆ ಅದಕ್ಕೆ ಬೆಂಕಿ ಇಟ್ಟರು. ಯಾವುದನ್ನು ಸುಡಬಾರದು ಎಂದು ನೀನು ಇಷ್ಟು ವರ್ಷ ಒದ್ದಾಡಿದೆಯೋ ಅದನ್ನೇ. ಹೊಗೆ ರಸ್ತೆ ತುಂಬಿತು. ನಿನ್ನಮ್ಮ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಒಂದು ಮಾತೂ ಆಡದೆ ಕೂತಳು. ಅವಳು ಮಾತಾಡದಿದ್ದರೆ ಮನೆ ಹೇಗಿರುತ್ತದೆ ಎಂದು ನಿನಗೆ ಗೊತ್ತು.

ನಿನ್ನದು ತಪ್ಪು ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಇನ್ನೊಮ್ಮೆ ಆಗುತ್ತದೆ, ಮುಂದೆ ಒಳ್ಳೆಯದಿದೆ ಎಂದೆಲ್ಲ ಬರೆಯಲು ಹೊರಟೆ, ಕೈ ಓಡಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಕೆಮ್ಮಿಗೆ ಔಷಧ ತಗೋ. ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದೇನೆ ಎಂದುಕೊ, ಅಮ್ಮನ ಕೈಯೂ ಜೊತೆಗಿದೆ.

ನಿನ್ನ,
ಅಪ್ಪ

ತಾ.ಕ.: ಅಮ್ಮನ ಫೋನಿನಲ್ಲಿ ನೀನು ನನಗೆ ಹೇಳಿದ್ದಕ್ಕೆ ಮೇಲೆ ಎಲ್ಲೂ ಉತ್ತರ ಬರೆಯಲಾಗಲಿಲ್ಲ. ಲ್ಯಾಬಿನ ಫ್ರೀಜರಿನಲ್ಲಿರುವ ಮೂಲ ತಳಿಯ ಒಂದು ಸೀಸೆ ಎತ್ತಿಡು, ಭಾನುವಾರ ಬಂದು ಒಯ್ಯುತ್ತೇನೆ, ಕಾಲೇಜಿನವರು ಜಾಗ ಕೊಡುತ್ತಾರೆ, ಮೊದಲಿನಿಂದ ಶುರುಮಾಡುತ್ತೇನೆ ಎಂದು ನೀನು ಹೇಳಿದ್ದೆ. ನಾನು ಎತ್ತಿಟ್ಟಿದ್ದೆ ಮಗಳೇ, ಊಟದ ಡಬ್ಬಿಯಲ್ಲಿ ಐಸಿನ ನಡುವೆ. ಇವತ್ತು ಬೆಳಿಗ್ಗೆ ಮ್ಯಾನೇಜರ್ ಎಣಿಸಿದಾಗ ಒಂದು ಕಡಿಮೆ ಬಂತು. ಸಿಗದಿದ್ದರೆ ಪೊಲೀಸರಿಗೆ ಹೇಳಬೇಕಾಗುತ್ತದೆ, ಅವರು ಮೊದಲು ಕೇಳುವುದು ನಿಮ್ಮ ಮಗಳನ್ನೇ ಎಂದ. ನಾನೇ ತಂದು ಕೊಟ್ಟೆ. ಉಳಿದವುಗಳ ಜೊತೆ ಅದನ್ನೂ ಬೇಯಿಸಿದೆವು. ಈಗ ಎಲ್ಲೂ ಒಂದೂ ಇಲ್ಲ. ಕಾಲೇಜಿನವರಿಗೆ ಹೇಳಿಬಿಡು. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಭಾನುವಾರ ನೀನು ಬರುತ್ತೀಯೆಂದು ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ.