ಬೆವರಿದ ಗಿಟುಕು

ದಬ್ಬೇಘಟ್ಟ
೯-೩-೧೯೮೩

ಚಿ. ಸೌ. ಅಂಕಮ್ಮನಿಗೆ ನಿನ್ನ ಅಣ್ಣ ರಂಗಪ್ಪ ಮಾಡುವ ಆಶೀರ್ವಾದಗಳು.

ಅವ್ವ, ನಾನು, ದನಕರು ಎಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ತಡವಾದದ್ದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು.

ಸಂಕ್ರಾಂತಿಗೆ ಬಂದು ಹೊರಟಾಗ ಮಡಿಲಕ್ಕಿಗೆ ಇಟ್ಟ ಕೊಬ್ಬರಿ ಗಿಟುಕು ಒಡೆದರೆ ಒಳಗೆಲ್ಲ ಕರ್ರಗೆ ಬೂಷ್ಟು ಹಿಡಿದಿತ್ತು, ಅಂದಿನಿಂದ ನಿಮ್ಮತ್ತೆ ನಿಂಗಮ್ಮನವರು ಹಾಲಿನ ಪಾತ್ರೆಯನ್ನೂ ಉಪ್ಪಿನಕಾಯಿ ಜಾಡಿಯನ್ನೂ ನಿನಗೆ ಮುಟ್ಟಗೊಡುತ್ತಿಲ್ಲ ಎಂದು ಬರೆದಿದ್ದೀಯೆ. ಓದಿ ಮೈ ಉರಿಯಿತು. ಆದರೆ ಕೊನೆಯಲ್ಲಿ, "ನನ್ನ ಕೈಯೇ ಸರಿಯಿಲ್ಲ ಅಣ್ಣ, ಹೆರಿಗೆಗೆ ಬಂದು ನಿಮ್ಮ ಮನೆಗೂ ಕೇಡು ತರಲಾರೆ" ಎಂದಿದ್ದೀಯಲ್ಲ, ಅಲ್ಲಿ ಕೋಪವೆಲ್ಲ ಇಳಿದು ಹೆದರಿಕೆ ಹುಟ್ಟಿತು. ಚೊಚ್ಚಲ ಬಸುರಿ ನೀನು, ಎಂಟನೇ ತಿಂಗಳು. ಕಾಗದ ಓದಿಸಿಕೊಂಡ ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಡೆದದ್ದು ಕೇಳು. ಕೆಟ್ಟದ್ದು ಕೊಬ್ಬರಿ, ಕೆಡಿಸಿದವನು ನಾನು.

ನಾಲೆ ನೀರು ಬಂದ ಮೇಲೆ ಕೆಳಗಿನ ತೋಟಕ್ಕೆ ಕೊಟ್ಟಿಗೆ ಗೊಬ್ಬರ, ಕೆರೆಗೋಡು ಮಣ್ಣು ಎಲ್ಲ ಬಿಟ್ಟು ಬರೀ ಯೂರಿಯಾ ಸುರಿದೆನಲ್ಲ. ಕಾಯಿ ಇಷ್ಟಿಷ್ಟು ದಪ್ಪ ಬಂದವು. ಮೀಸೆ ತಿರುವಿಕೊಂಡು ಊರೆಲ್ಲ ಹೇಳಿಕೊಂಡು ಬಂದೆ. ಅವು ನೀರು ಕುಡಿದ ಕಾಯಿ, ಅಟ್ಟದ ಮೇಲೆ ವರ್ಷ ಕಳೆದರೂ ಒಣಗುವುದು ಕಷ್ಟ. ಒಂಬತ್ತೇ ತಿಂಗಳಿಗೆ ಇಳಿಸಲು ಹೋದೆ. ಅವ್ವ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಸದ್ದು ಇನ್ನೂ ಮಂದ ಐತೆ ಕಣ್ಲಾ. ಒಲೆ ಹೊಗೆ ಕುಡೀಲಿ ಬುಡು" ಅಂದಳು. ನಾನು ಕೇಳಬೇಕಲ್ಲ! ಸುಲಿಸಿ, ಚಿಪ್ಪು ಒಡೆಸಿ ಇಡೀ ಗಿಟುಕು ತೆಗೆಸಿದೆ.

ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವ ದುರ್ಗಯ್ಯ, "ತುಮಕೂರಲ್ಲಿ ಹುಣಸೆಹಣ್ಣು ಇಡೋ ಕೋಲ್ಡ್ ಸ್ಟೋರೇಜ್ ಐತೆ ಕಣಪ್ಪ. ಅಲ್ಲಿಟ್ರೆ ಎಷ್ಟು ದಿನವಾದ್ರೂ ಬೆಳ್ಳಗಿರ್ತವೆ" ಅಂದ. ಎರಡು ಚೀಲ ಕಳಿಸಿದೆ. ಅವನು ಹೇಳಿದ್ದು ಸುಳ್ಳಲ್ಲ, ಅಲ್ಲಿರುವಷ್ಟು ದಿನ ಬೆಳ್ಳಗೇ ಇದ್ದವು. ಹೊರಗಿನ ಗಾಳಿಗೆ ಬಂದದ್ದೇ ತಡ, ಮೈಯೆಲ್ಲ ಬೆವರಿದವು. ಒಳಗಿನ ಹಸಿಯೂ ಸೇರಿಕೊಂಡು ಹತ್ತೇ ದಿನಕ್ಕೆ ಬೂಷ್ಟು.

ತುಮಕೂರಿನಿಂದ ಬಂದು ಮನೆಯಲ್ಲಿ ಉಳಿದಿದ್ದ ಇನ್ನೊಂದು ಚೀಲವನ್ನು ಮೊನ್ನೆ ಬಿಚ್ಚಿದೆ. ಹದಿನಾರು ಒಡೆದರೆ ಹದಿಮೂರು ಕಪ್ಪು. ಅವನ್ನು ನೀನು ಮುಟ್ಟಿಯೇ ಇರಲಿಲ್ಲವಲ್ಲ ಅಂಕಿ? ಮೇಲಿನ ತೋಟದ್ದನ್ನೂ ಒಡೆದು ನೋಡಿದೆ. ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದು ವರ್ಷ ಪೂರ್ತಿ ಅಟ್ಟದಲ್ಲಿ ಕೂತ ಕಾಯಿ. ಒಂದೂ ಕೆಟ್ಟಿರಲಿಲ್ಲ.

ಅವ್ವ ನಿನ್ನ ಮಡಿಲಿಗೆ ಆ ಮೇಲಿನ ತೋಟದ್ದನ್ನೇ ಇಡಬೇಕೆಂದಿದ್ದಳು. ನಿನ್ನ ಗಂಡನ ಮನೆಯವರು ದಪ್ಪ ಗಿಟುಕು ನೋಡಿ ಬೆರಗಾಗಲಿ ಎಂದು ನಾನೇ ಅಂದು ಬೆಳಿಗ್ಗೆ ತುಮಕೂರಿನಿಂದ ಬಂದ ಚೀಲಕ್ಕೆ ಕೈಹಾಕಿದೆ. ಜಂಭ, ಇನ್ನೇನೂ ಅಲ್ಲ.

ಶುಕ್ರವಾರ ಬೆಳಗಿನ ಬಸ್ಸಿಗೆ ಕಿಬ್ಬನಹಳ್ಳಿಗೆ ಬರುತ್ತೇನೆ. ಎರಡು ಥರದ ಗಿಟುಕನ್ನೂ ತಂದು ನಿಮ್ಮತ್ತೆಯ ಎದುರು, ನಿನ್ನ ಯಜಮಾನ ಲಿಂಗಣ್ಣ ಭಾವನ ಎದುರು ಒಡೆದು ತಪ್ಪು ಒಪ್ಪಿಕೊಳ್ಳುತ್ತೇನೆ. ಅವರು ಏನೆಂದರೂ ಅನ್ನಿಸಿಕೊಳ್ಳುತ್ತೇನೆ. ಆದರೆ ನಿನ್ನನ್ನು ಕರೆದುಕೊಳ್ಳದೆ ಬಸ್ಸು ಹತ್ತುವುದಿಲ್ಲ. ಅವ್ವ ಬಾಣಂತನದ ಕೋಣೆಗೆ ಸುಣ್ಣ ಹೊಡೆಸಿಯಾಯಿತು. ಬಟ್ಟೆ ಗಂಟು ಕಟ್ಟಿಕೊಂಡಿರು.

ತಾಯಿ ಮಗು ಎರಡು ಜೀವವೂ ತಣ್ಣಗಿರಲಿ.

ನಿನ್ನ ಅಣ್ಣ,
ರಂಗಪ್ಪ

ತಾ.ಕ.: ಮೂರು ಕಾಗದ ಹರಿದದ್ದು ಈ ಮಾತು ಬರೆಯಲಾರದೆ. ಅವ್ವ ಮಡಿಲು ತುಂಬುವಾಗ ನೀನು ಗಿಟುಕು ಹಿಡಿದು, "ಅಣ್ಣ, ಇದ್ಯಾಕೆ ಒದ್ದೆ ಒದ್ದೆ ಆಗೈತೆ?" ಅಂದೆ. ನಾನು ಎಲ್ಲರ ಮುಂದೆ, "ಅತ್ತೆ ಮನೆಗೆ ಹೊರಡೋ ಗಾಬರಿಗೆ ನಿನ್ ಕೈಯೇ ಬೆವರ್ತಾ ಐತೆ ಕಣೇ" ಅಂದೆ. ಎಲ್ಲರೂ ನಕ್ಕರು. ನೀನು ಕೈಯನ್ನು ಸೆರಗಿಗೆ ಒರೆಸಿಕೊಂಡೆ. ನಿನ್ನ ಕೈ ಒಣಗಿಯೇ ಇತ್ತು ಅಂಕಿ. ಅದು ನನಗೆ ಆಗಲೇ ಗೊತ್ತಿತ್ತು. ಆ ಗಿಟುಕನ್ನು ಅವ್ವನ ತಟ್ಟೆಗೆ ಇಡುವ ಮೊದಲು ನನ್ನ ಟವೆಲಿನಲ್ಲಿ ಎರಡು ಸಲ ಒರೆಸಿದ್ದೆ.