ಆಷಾಢದ ಬೀಗದ ಕೈ

ಅಕ್ಟೋಬರ್ 17, ಶುಕ್ರವಾರ. ಒಡೆನ್ಸ್, ಡೆನ್ಮಾರ್ಕ್. ಬ್ಯಾಡ್ಮಿಂಟನ್ ಕ್ವಾರ್ಟರ್ ಫೈನಲ್‌ನಲ್ಲಿ ಸೋತೆ.

ದೊಡ್ಡಮ್ಮ,

ನಾನು ಮಂಡಿಗೆ ಐಸ್ ಇಟ್ಟುಕೊಂಡು ಕೂತಿರುವಾಗಲೇ ನಾಲ್ಕು ಜನ ಬಂದು, ನಾನು ಆಡಿದ ಅಂಕಣದ ಹಸಿರು ಹಾಸನ್ನು ಪಂಕ್ತಿ ಎದ್ದ ಮೇಲೆ ಚಾಪೆ ಸುತ್ತುವ ಹಾಗೆ ಸುತ್ತಿಕೊಂಡು ಹೋದರು. ನಾಳೆಗೆ ಒಂದೇ ಅಂಕಣ ಸಾಕಂತೆ. ನಮ್ಮೂರು ಮೇಳಿಗೆಯ ಸಮುದಾಯ ಭವನ ನೆನಪಾಯಿತು. ಮದುವೆಗಳಿಲ್ಲದ ಆಷಾಢದಲ್ಲಿ ಮಾತ್ರ ನೀನು ನನಗೆ ಅದರ ಬೀಗ ತೆಗೆದು ಕೊಡುತ್ತಿದ್ದೆ. “ಫ್ಯಾನಿಗೆ ತಾಗ್ಸ್‌ಬೇಡ ಮಾರಾಯ್ತಿ, ಶ್ರಾವಣದಲ್ಲಿ ಮದ್ವೆಯೋರು ನನ್ ಜೀವ ತೆಗೀತಾರೆ” ಎಂದು ಬಾಗಿಲಲ್ಲೇ ಕೂತು ಬೈಯುತ್ತಿದ್ದೆ. ಆ ಹೆದರಿಕೆಗೆ ಶಟಲನ್ನು ತಗ್ಗಿನಲ್ಲೇ ಹೊಡೆಯಲು ಕಲಿತೆ. ಮೂರು ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು ಅದೇ ಹೊಡೆತದಿಂದ. ಇವತ್ತೂ ಅದು ಕೆಟ್ಟಿರಲಿಲ್ಲ, ಕೈಕೊಟ್ಟದ್ದು ಮಂಡಿ.

ಡಾಕ್ಟರು ನೋಡಿದ್ದಾರೆ. ನಡೆಯಬಲ್ಲೆ, ಅನ್ನವೂ ಸಿಗುತ್ತಿದೆ. ಅಮ್ಮನಿಗೆ ನಾನೇ ಫೋನ್ ಮಾಡುತ್ತೇನೆ.

ಈ ವರ್ಷ ಮುಗಿದ ಮೇಲೆ ನಾನು ಆಡುವುದಿಲ್ಲ. ಕೋಚ್ ಸರ್‌ಗೆ ಇನ್ನೂ ಹೇಳಿಲ್ಲ. ಬರುವ ಆಷಾಢಕ್ಕೆ ಭವನದ ಬೀಗದ ಕೈ ಬೇರೆ ಯಾರಿಗೂ ಕೊಡಬೇಡ; ಊರಿನ ಹುಡುಗಿಯರಿಗೆ ನಾನು ಕಲಿಸುತ್ತೇನೆ. ಫ್ಯಾನ್ ಎಲ್ಲಿದೆಯೋ ಅಲ್ಲೇ ಇರಲಿ.

ಕವನಾ